ಪೂರ್ಣವಿರಾಮ ಎಲ್ಲಿ ಬೀಳಬೇಕು?

ಭಾನುವಾರ ಸಂಜೆ. ಮಗುವಿನ ಮೈ ಕಾದಿದೆ, ನಾಳೆ ಶಾಲೆಗೆ ಕಳಿಸುವಂತಿಲ್ಲ. ನೋಟ್‌ಬುಕ್ಕಿನಿಂದ ಹಾಳೆಯೊಂದನ್ನು ಹರಿದುಕೊಂಡು ರಜಾ ಚೀಟಿ ಬರೆಯಲು ಕೂತ ಅಪ್ಪನೋ ಅಮ್ಮನೋ ಕರ್ನಾಟಕದ ಯಾವ ಊರಿನಲ್ಲಾದರೂ ಕಾಣಸಿಗುತ್ತಾರೆ. ‘ರೆಸ್ಪೆಕ್ಟೆಡ್ ಸರ್’ ಸಲೀಸಾಗಿ ಬರುತ್ತದೆ. ಅದರ ಕೆಳಗೆ, ‘ಆ್ಯಸ್ ಮೈ ಸನ್ ಈಸ್ ಸಫರಿಂಗ್ ಫ್ರಮ್ ಫೀವರ್.’ ಒಂದು ಚುಕ್ಕಿ. ಮುಂದಿನ ಸಾಲಿನಲ್ಲಿ, ‘ಕೈಂಡ್ಲಿ ಗ್ರಾಂಟ್ ಹಿಮ್ ಲೀವ್ ಫಾರ್ ಟು ಡೇಸ್.’ ಇನ್ನೊಂದು ಚುಕ್ಕಿ. ಕೊನೆಗೆ ‘ಥ್ಯಾಂಕಿಂಗ್ ಯು’, ಸಹಿ, ತಾರೀಖು.

ಚೀಟಿ ತನ್ನ ಕೆಲಸ ಮಾಡುತ್ತದೆ. ಮೇಷ್ಟರಿಗೆ ಅರ್ಥವಾಗುತ್ತದೆ, ರಜೆಯೂ ಸಿಗುತ್ತದೆ. ಆದರೆ ಅದೇ ಸಾಲನ್ನು ಮಗ ಪರೀಕ್ಷೆಯ ಪತ್ರಲೇಖನದಲ್ಲಿ ಬರೆದರೆ ಅದರಡಿ ಕೆಂಪು ಗೆರೆ ಬೀಳುತ್ತದೆ. ‘ಆ್ಯಸ್’ ಎಂದು ಶುರುವಾಗಿ ಚುಕ್ಕಿಯಲ್ಲಿ ನಿಂತ ಆ ಸಾಲು ಇಂಗ್ಲಿಷ್ ವ್ಯಾಕರಣದ ಲೆಕ್ಕದಲ್ಲಿ ವಾಕ್ಯವೇ ಅಲ್ಲ, ವಾಕ್ಯದ ತುಂಡು.

ಇದೇ ಚೀಟಿಯನ್ನು ಪಕ್ಕದ ಮನೆಯವರು ಬೇರೆ ಥರ ಬರೆದಾರು: ‘ಮೈ ಸನ್ ಈಸ್ ಸಫರಿಂಗ್ ಫ್ರಮ್ ಫೀವರ್, ಹಿ ಕೆನಾಟ್ ಕಮ್ ಟು ಸ್ಕೂಲ್.’ ಇಲ್ಲಿಯ ತಪ್ಪು ಮೊದಲಿನದಕ್ಕೆ ತಿರುವುಮುರುವು. ಇರುವುದು ಎರಡು ಪೂರ್ಣ ವಾಕ್ಯ, ಅವುಗಳ ನಡುವೆ ಇರಬೇಕಾದ ಗಡಿ ಮಾತ್ರ ಇಲ್ಲ. ಮೊದಲನೆಯದಕ್ಕೆ ಇಂಗ್ಲಿಷ್ ಮೇಷ್ಟರುಗಳು ಫ್ರಾಗ್ಮೆಂಟ್ ಎನ್ನುತ್ತಾರೆ, ಎರಡನೆಯದಕ್ಕೆ ರನ್-ಆನ್.

ಈ ಎರಡು ತಪ್ಪುಗಳಿಗಾಗಿ ಕನ್ನಡದ ಮಕ್ಕಳನ್ನು ದಡ್ಡರೆಂದು ಬೈಯುವುದು ಅನ್ಯಾಯ. ಇವುಗಳಲ್ಲಿ ಬಹುಪಾಲು ಕನ್ನಡವನ್ನು ಚೆನ್ನಾಗಿ ಬಲ್ಲವರೇ ಮಾಡುವ ತಪ್ಪುಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ವಾಕ್ಯ ಮುಗಿಯಿತೋ ಇಲ್ಲವೋ ಎಂಬುದನ್ನು ಕನ್ನಡ ಬಾಲದಲ್ಲಿ ಹೇಳುತ್ತದೆ. ಇಂಗ್ಲಿಷ್ ಬಹಳ ಸಲ ತಲೆಯಲ್ಲೇ ಹೇಳಿ ಮುಗಿಸಿರುತ್ತದೆ. ಈ ಒಂದು ವ್ಯತ್ಯಾಸವನ್ನು ತರಗತಿಯಲ್ಲಿ ಬಿಡಿಸಿ ಹೇಳಿದ್ದರೆ ಎಷ್ಟೋ ಕೆಂಪು ಗೆರೆಗಳು ತಪ್ಪುತ್ತಿದ್ದವು.

ಉದ್ದವಿದ್ದ ಮಾತ್ರಕ್ಕೆ ವಾಕ್ಯವಲ್ಲ

‘ಬರ್ಡ್ಸ್ ಫ್ಲೈ.’ ಎರಡೇ ಪದ, ಪೂರ್ಣ ವಾಕ್ಯ. ‘ದಿ ಓಲ್ಡ್ ರೆಡ್ ಬಸ್ ಫ್ರಮ್ ಹಾಸನ್ ಸ್ಟ್ಯಾಂಡಿಂಗ್ ನಿಯರ್ ದಿ ಪೋಸ್ಟ್ ಆಫೀಸ್.’ ಹನ್ನೊಂದು ಪದಗಳಿದ್ದೂ ಇದು ತುಂಡು. ಬಸ್ಸು ಹಳೆಯದು, ಕೆಂಪು, ಹಾಸನದ್ದು, ಅಂಚೆ ಕಚೇರಿಯ ಹತ್ತಿರ ನಿಂತದ್ದು ಎಂದೆಲ್ಲ ಗೊತ್ತಾಯಿತು. ಆ ಬಸ್ಸು ಏನು ಮಾಡಿತು, ಅದಕ್ಕೆ ಏನಾಯಿತು ಎಂಬುದು ಬರಲೇ ಇಲ್ಲ.

‘ಸ್ಟ್ಯಾಂಡಿಂಗ್’ ಇದೆಯಲ್ಲ, ಅದು ಕ್ರಿಯಾಪದವಲ್ಲವೇ ಎಂದು ಕೇಳಬಹುದು. ಅದು ಕಾಲವನ್ನು ಹೊತ್ತಿಲ್ಲ. ನಿನ್ನೆ ನಿಂತಿತ್ತೇ, ಈಗ ನಿಂತಿದೆಯೇ, ನಾಳೆ ನಿಲ್ಲುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದರ ಮುಂದೆ ‘ಈಸ್’ ಅಥವಾ ‘ವಾಸ್’ ಇಟ್ಟ ಕೂಡಲೇ ಸಾಲು ವಾಕ್ಯವಾಗುತ್ತದೆ. ಇಂಗ್ಲಿಷ್ ವಾಕ್ಯ ಕೇಳುವುದು ಮುಖ್ಯವಾಗಿ ಎರಡನ್ನು: ಒಂದು ಕರ್ತೃ, ಕಾಲ ಹೊತ್ತ ಒಂದು ಕ್ರಿಯಾಪದ. ಇವೆರಡೂ ಇದ್ದು, ಇಡೀ ಸಾಲನ್ನು ಬೇರೊಂದಕ್ಕೆ ಅಧೀನ ಮಾಡುವ ಪದ ತಲೆಯ ಮೇಲೆ ಕೂತಿರಬಾರದು.

ಆಜ್ಞೆಗೆ ಮಾತ್ರ ವಿನಾಯಿತಿ. ರಸ್ತೆಯ ಕೆಂಪು ಫಲಕದ ‘ಸ್ಟಾಪ್’ ಒಂದೇ ಪದದ ಪೂರ್ಣ ವಾಕ್ಯ, ಯಾಕೆಂದರೆ ‘ನೀನು’ ಎಂಬ ಕರ್ತೃ ಅದರೊಳಗೆ ಅಡಗಿದೆ. ಪಕ್ಕದಲ್ಲೇ ಇರುವ ‘ನೋ ಪಾರ್ಕಿಂಗ್’ ವಾಕ್ಯವಲ್ಲ. ಲಾರಿಯ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಕೂಡ ಅಲ್ಲ. ಹಾಗಿದ್ದೂ ಅದನ್ನು ಓದಿದ ಯಾವ ಚಾಲಕನೂ ಗೊಂದಲಕ್ಕೆ ಬಿದ್ದಿಲ್ಲ. ಅರ್ಥವಾಗುವುದು ಬೇರೆ, ವಾಕ್ಯವಾಗುವುದು ಬೇರೆ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಪಠ್ಯಗಳು ಎಡವುವುದು ಇಲ್ಲಿಯೇ. ಭಾರತದ ಮೂರು ನಾಲ್ಕು ತಲೆಮಾರು ಇಂಗ್ಲಿಷ್ ವ್ಯಾಕರಣ ಕಲಿತದ್ದು ರೆನ್ ಮತ್ತು ಮಾರ್ಟಿನ್ ಜೋಡಿ 1930ರ ದಶಕದಲ್ಲಿ ತಂದ ಪುಸ್ತಕದಿಂದ. ಪೂರ್ಣ ಅರ್ಥ ಕೊಡುವ ಪದಗಳ ಗುಂಪೇ ವಾಕ್ಯ ಎಂಬುದು ಆ ಪುಸ್ತಕದ ವಿವರಣೆ. ಅದರ ಬೇರು ಬಹಳ ಹಿಂದಿನದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ವೈಯಾಕರಣ ಡಯೊನಿಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿರುವ ವ್ಯಾಕರಣದಲ್ಲಿಯೂ ಪೂರ್ಣ ವಿಚಾರವೇ ವಾಕ್ಯದ ಗುರುತು.

ಆದರೆ ‘ಹಿ ಡಿಡ್ ಇಟ್’ ಎಂಬ ಸಾಲನ್ನು ನೋಡಿ. ಯಾರು, ಏನು ಮಾಡಿದ, ಒಂದೂ ತಿಳಿಯದು. ಅರ್ಥ ಖಾಲಿ, ವ್ಯಾಕರಣ ಪೂರ್ಣ. ‘ಎಲ್ಲಿಗೆ ಹೊರಟಿರಿ’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ‘ಟು ಮೈಸೂರು’ ಎಂದರೆ ಅರ್ಥ ತುಂಬಿದೆ, ವ್ಯಾಕರಣ ಅರ್ಧ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೈಸ್ 1952ರ ತಮ್ಮ ಪುಸ್ತಕದಲ್ಲಿ ವಾಕ್ಯಕ್ಕೆ ಇನ್ನೂರಕ್ಕೂ ಹೆಚ್ಚು ವ್ಯಾಖ್ಯೆಗಳು ಇವೆ ಎಂದು ಗುರುತಿಸಿ, ಅವನ್ನೆಲ್ಲ ಬದಿಗಿಟ್ಟು, ಜನ ಟೆಲಿಫೋನಿನಲ್ಲಿ ಆಡಿದ ಮಾತುಗಳ ಧ್ವನಿಮುದ್ರಣದಿಂದ ಹೊಸದಾಗಿ ಲೆಕ್ಕ ಶುರು ಮಾಡಿದರು. ಪಂಡಿತರೇ ಇಷ್ಟು ತಡವರಿಸಿದ ಪ್ರಶ್ನೆಗೆ ಎಂಟನೆಯ ತರಗತಿಯ ಹುಡುಗಿ ‘ಪೂರ್ಣ ಅರ್ಥ’ ಎಂಬ ಎರಡು ಪದ ಹಿಡಿದುಕೊಂಡು ಉತ್ತರ ಹುಡುಕಬೇಕೆಂದರೆ ಹೇಗೆ?

ಬಾಲ ನೋಡುವ ಕಣ್ಣು

ಕನ್ನಡದಲ್ಲಿ ‘ಮಗನಿಗೆ ಜ್ವರ ಬಂದಿರುವುದರಿಂದ’ ಎಂದು ಬರೆದು ಯಾರೂ ಚುಕ್ಕಿ ಇಡುವುದಿಲ್ಲ. ಮೂರನೆಯ ತರಗತಿಯ ಮಗುವೂ ಇಡುವುದಿಲ್ಲ. ‘ದರಿಂದ’ ಎಂಬ ಕೊನೆಯೇ ಮುಂದೇನೋ ಇದೆ ಎಂದು ಕೈ ಹಿಡಿದು ಎಳೆಯುತ್ತದೆ. ಬಂದರೆ, ಬಂದಾಗ, ಬಂದರೂ, ಬಂದು, ಬರಲು, ಬರುವ: ಇವೆಲ್ಲ ತೆರೆದ ಕೊನೆಗಳು. ಬಂತು, ಬಂದಿದೆ, ಬರುತ್ತದೆ: ಇವು ಮುಚ್ಚಿದ ಕೊನೆಗಳು. ಧಾತು ಒಂದೇ, ಮುಗಿಯಿತೋ ಇಲ್ಲವೋ ಎಂಬ ತೀರ್ಪು ಪ್ರತ್ಯಯದ್ದು. ಅದು ಇರುವುದು ಚುಕ್ಕಿ ಇಡಬೇಕಾದ ಜಾಗದ ಪಕ್ಕದಲ್ಲೇ. ಪೆನ್ನು ಅಲ್ಲಿಗೆ ಬಂದಾಗ ಕಣ್ಣೂ ಅಲ್ಲೇ ಇರುತ್ತದೆ, ತಪ್ಪಲು ಅವಕಾಶವೇ ಕಡಿಮೆ.

ಇಂಗ್ಲಿಷ್ ಇದನ್ನು ಉಲ್ಟಾ ಮಾಡುತ್ತದೆ. ‘ಬಿಕಾಸ್ ಮೈ ಸನ್ ಹ್ಯಾಸ್ ಫೀವರ್’ ಎಂಬುದರಲ್ಲಿ ಸಾಲನ್ನು ತೆರೆದಿಟ್ಟ ಪದ ‘ಬಿಕಾಸ್’. ಅದು ಬಂದದ್ದು ಮೊದಲು. ಸಾಲಿನ ಕೊನೆಯಲ್ಲಿರುವ ‘ಹ್ಯಾಸ್ ಫೀವರ್’ ಎಂಬುದು ಪೂರ್ಣ ವಾಕ್ಯದಲ್ಲಿ ಹೇಗಿರುತ್ತದೋ ಇಲ್ಲಿಯೂ ಹಾಗೆಯೇ ಇದೆ, ಒಂದಕ್ಷರವೂ ಬದಲಾಗಿಲ್ಲ. ಕನ್ನಡದ ಕಣ್ಣು ಅಭ್ಯಾಸದಂತೆ ಬಾಲ ನೋಡುತ್ತದೆ. ಬಾಲ ಮುಚ್ಚಿದೆ. ಚುಕ್ಕಿ ಬೀಳುತ್ತದೆ.

ಇಫ್, ವೆನ್, ಆಲ್ದೋ, ಬಿಕಾಸ್, ಸಿನ್ಸ್, ವೈಲ್, ಅನ್‌ಲೆಸ್, ಆ್ಯಸ್. ಇವು ತಲೆಯಲ್ಲಿ ಕಂಡರೆ ಚುಕ್ಕಿ ಇಡುವ ಮುನ್ನ ಒಮ್ಮೆ ಹಿಂದಿರುಗಿ ನೋಡಬೇಕು. ಕನ್ನಡ ಬಲ್ಲವರು ಇಂಗ್ಲಿಷ್ ಬರೆಯುವಾಗ ಹೊಸದಾಗಿ ಬೆಳೆಸಿಕೊಳ್ಳಬೇಕಾದ ಅಭ್ಯಾಸ ಮುಖ್ಯವಾಗಿ ಇದೊಂದೇ.

ಇನ್ನೂ ಕೆಲವು ವ್ಯತ್ಯಾಸಗಳಿವೆ. ‘ಹೋದೆ’ ಎಂದರೆ ಸಾಕು, ಹೋದದ್ದು ನಾನು ಎಂಬುದು ಆ ಪದದ ಕೊನೆಯಲ್ಲೇ ಇದೆ. ಇಂಗ್ಲಿಷಿನ ‘ವೆಂಟ್’ ಯಾರೆಂದು ಹೇಳದು, ಅದಕ್ಕೆ ಕರ್ತೃ ಕಡ್ಡಾಯ. ಕರ್ತೃವೇ ಇಲ್ಲದ ಕಡೆಯೂ ಆ ಭಾಷೆ ಒಂದನ್ನು ತಂದು ಕೂರಿಸುತ್ತದೆ. ‘ಇಟ್ ಈಸ್ ರೇನಿಂಗ್’ ಎಂಬಲ್ಲಿಯ ‘ಇಟ್’ ಯಾವ ವಸ್ತುವೂ ಅಲ್ಲ, ಜಾಗ ಖಾಲಿ ಬಿಡಬಾರದೆಂದು ಬಂದದ್ದು. ‘ಇವರು ನಮ್ಮ ಮೇಷ್ಟ್ರು’ ಎಂಬ ನಮ್ಮ ವಾಕ್ಯಕ್ಕೆ ಕ್ರಿಯಾಪದ ಬೇಡ, ಇಂಗ್ಲಿಷಿಗೆ ‘ಈಸ್’ ಇಲ್ಲದೆ ನಡೆಯದು. ಮಕ್ಕಳು ‘ಈಸ್ ರೇನಿಂಗ್’ ಎಂದೋ ‘ದಿಸ್ ಅವರ್ ಟೀಚರ್’ ಎಂದೋ ಬರೆದರೆ ಅವರು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾರೆ ಎಂದೇ ಅರ್ಥ.

ಮತ್ತೊಂದು, ನಮ್ಮ ಕ್ರಿಯೆಗಳ ಸರಣಿ. ‘ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ದೋಸೆ ತಿಂದು, ಬಸ್ಸು ಹಿಡಿದೆ.’ ನಾಲ್ಕು ಕೆಲಸ, ಮೂರು ತೆರೆದ ಕೊನೆ, ಒಂದೇ ಮುಚ್ಚಿದ ಕೊನೆ. ಇಂಗ್ಲಿಷಿನಲ್ಲಿ ಇದೇ ಹದಕ್ಕೆ ಬರುವ ರೂಪಗಳು ಕೈಗೆ ಸಿಗದಿದ್ದಾಗ ವಿದ್ಯಾರ್ಥಿ ‘ಐ ಗಾಟ್ ಅಪ್, ಐ ಬೇದ್ಡ್, ಐ ಏಟ್ ಎ ದೋಸಾ, ಐ ಕಾಟ್ ದಿ ಬಸ್’ ಎಂದು ನಾಲ್ಕು ಪೂರ್ಣ ವಾಕ್ಯಗಳನ್ನು ಅಲ್ಪವಿರಾಮದಿಂದ ಪೋಣಿಸುತ್ತಾನೆ. ಪರಿಹಾರ ಸುಲಭ. ಮೊದಲ ‘ಐ’ ಒಂದನ್ನು ಉಳಿಸಿ ಮಿಕ್ಕ ಮೂರನ್ನು ತೆಗೆದು, ಕೊನೆಯ ಕೆಲಸದ ಹಿಂದೆ ‘ಆ್ಯಂಡ್’ ಹಾಕಿದರಾಯಿತು. ಒಬ್ಬ ಕರ್ತೃ, ನಾಲ್ಕು ಕ್ರಿಯೆ, ಒಂದು ವಾಕ್ಯ.

ಇದರ ಜೊತೆಗೆ, ‘ಮಳೆ ಬಂತು, ಕರೆಂಟು ಹೋಯಿತು, ಮಕ್ಕಳು ಕುಣಿದರು’ ಎಂಬುದು ಒಳ್ಳೆಯ ಕನ್ನಡ. ಮೂರು ಮುಚ್ಚಿದ ಕೊನೆಗಳ ನಡುವೆ ಬರೀ ಅಲ್ಪವಿರಾಮ ಇದ್ದರೂ ನಮ್ಮ ಕಿವಿಗೆ ಏನೂ ಚುಚ್ಚುವುದಿಲ್ಲ. ಇಂಗ್ಲಿಷಿಗೆ ಚುಚ್ಚುತ್ತದೆ.

ಜೈಮಿನಿ ಕೇಳಿದ ಪ್ರಶ್ನೆ

ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಈ ನೆಲದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಆಳವಾಗಿ ಚರ್ಚಿಸಿದ್ದಾರೆ. ಋಗ್ವೇದದ ಮಂತ್ರಗಳಿಗೆ ಛಂದಸ್ಸಿದೆ, ಪಾದ ಎಣಿಸಿದರೆ ಕೊನೆ ಗೊತ್ತಾಗುತ್ತದೆ. ಯಜುರ್ವೇದದ ಮಂತ್ರಗಳಲ್ಲಿ ಬಹಳಷ್ಟು ಗದ್ಯ. ಒಂದು ಯಜುಸ್ಸು ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಗುತ್ತದೆ? ಯಜ್ಞ ಮಾಡಿಸುವವರಿಗೆ ಅದು ಪ್ರತಿದಿನದ ಸಮಸ್ಯೆ. ಮೀಮಾಂಸಾ ಸೂತ್ರಗಳ ಕರ್ತೃ ಜೈಮಿನಿ ಕೊಟ್ಟ ಉತ್ತರದ ಸಾರ ಹೀಗಿದೆ: ಒಂದೇ ಪ್ರಯೋಜನಕ್ಕಾಗಿ ಕೂಡಿ ನಿಂತ ಪದಗಳು, ಬಿಡಿಸಿದರೆ ಒಂದಕ್ಕೊಂದು ಬೇಕೆನಿಸುವಂತಿದ್ದರೆ, ಅವು ಒಂದು ವಾಕ್ಯ.

ಆ ‘ಬೇಕು’ ಎಂಬ ಸೆಳೆತಕ್ಕೆ ಶಾಸ್ತ್ರಕಾರರ ಹೆಸರು ಆಕಾಂಕ್ಷೆ. ಮುಂದಿನವರು ಇದರೊಂದಿಗೆ ಯೋಗ್ಯತೆ (ಪದಗಳ ಅರ್ಥ ಒಂದಕ್ಕೊಂದು ಹೊಂದುವುದು), ಸನ್ನಿಧಿ (ಪದಗಳು ಹತ್ತಿರವಿರುವುದು) ಎಂಬ ಇನ್ನೆರಡು ಷರತ್ತುಗಳನ್ನು ಸೇರಿಸಿದರು. ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಬರೆದ ಕಾತ್ಯಾಯನ ಇನ್ನೂ ನೇರವಾಗಿ ಹೇಳಿದ: ಪೂರ್ಣ ಕ್ರಿಯಾಪದ ಒಂದಿದ್ದರೆ ಅದು ಒಂದು ವಾಕ್ಯ.

ಇಂಗ್ಲಿಷ್ ತರಗತಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ. ಚುಕ್ಕಿ ಇಟ್ಟ ಮೇಲೂ ಆಕಾಂಕ್ಷೆ ಉಳಿದಿದ್ದರೆ ಅದು ತುಂಡು ವಾಕ್ಯ. ‘ಬಿಕಾಸ್ ಮೈ ಸನ್ ಹ್ಯಾಸ್ ಫೀವರ್’ ಎಂದ ಕೂಡಲೇ ‘ಅದಕ್ಕೆ?’ ಎಂದು ಕಿವಿ ಕೇಳುತ್ತದೆ. ಎರಡು ಭಾಗಗಳ ನಡುವೆ ವ್ಯಾಕರಣದ ಆಕಾಂಕ್ಷೆಯೇ ಇಲ್ಲದಿದ್ದರೂ ಒಂದೇ ವಾಕ್ಯವೆಂದು ತಳ್ಳಿ ಸೇರಿಸಿದ್ದರೆ ಅದು ರನ್-ಆನ್. ‘ಮೈ ಸನ್ ಹ್ಯಾಸ್ ಫೀವರ್’ ಎಂಬುದಕ್ಕೆ ಏನೂ ಬೇಕಿಲ್ಲ. ‘ಹಿ ಕೆನಾಟ್ ಕಮ್’ ಎಂಬುದಕ್ಕೂ ಏನೂ ಬೇಕಿಲ್ಲ. ಬಿಡಿಸಿದರೆ ಯಾವುದಕ್ಕೂ ನೋವಿಲ್ಲ. ಹಾಗಾದರೆ ಅವು ಎರಡು.

ನಮ್ಮ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ಪಾಠವಿದೆ. ಆಖ್ಯಾತ ಪ್ರತ್ಯಯ ಹತ್ತಿದ ಕ್ರಿಯಾಪದ ಯಾವುದು, ಕೃದಂತ ಯಾವುದು ಎಂಬ ಪಾಠವಿದೆ. ಅದೇ ಕೊಠಡಿಯಲ್ಲಿ, ಅದೇ ದಿನ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಪಾಠ ನಡೆಯುತ್ತದೆ. ಎರಡೂ ಒಂದೇ ವಿಷಯ ಎಂದು ಮಕ್ಕಳಿಗೆ ಹೇಳುವವರಿಲ್ಲ. ಕನ್ನಡದಲ್ಲಿ ಆಗಲೇ ಗೊತ್ತಿರುವುದನ್ನು ಮಕ್ಕಳು ಇಂಗ್ಲಿಷಿನಲ್ಲಿ ಪರದೇಶದ ಸರಕಿನಂತೆ ಬಾಯಿಪಾಠ ಮಾಡುತ್ತಾರೆ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ತುಂಡುಗಳು ಅಡಗುವ ಜಾಗ

ಕಚೇರಿ ಪತ್ರಗಳಲ್ಲಿ ತುಂಡು ವಾಕ್ಯ ಹೆಚ್ಚಾಗಿ ಸಿಗುವುದು ಮೊದಲ ಸಾಲಿನಲ್ಲೇ. ‘ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್’ ಎಂದು ಶುರುವಾಗಿ, ತಾರೀಖು, ಕಡತದ ಸಂಖ್ಯೆ ಎಲ್ಲ ಬಂದು, ಅಲ್ಲೇ ಚುಕ್ಕಿ. ಸಾಲು ಉದ್ದವಾದಷ್ಟೂ ಮುಗಿಯಿತೆಂಬ ಭ್ರಮೆ ಹೆಚ್ಚು. ಆ ಪತ್ರಕ್ಕೆ ಸಂಬಂಧಿಸಿದಂತೆ ಏನು ಎಂಬುದು ಎರಡನೆಯ ಸಾಲಿನಲ್ಲಿದೆ, ನಡುವಿನ ಚುಕ್ಕಿ ಅಲ್ಪವಿರಾಮವಾಗಬೇಕಿತ್ತು.

ಪ್ರಬಂಧಗಳಲ್ಲಿ ಅದು ‘ವಿಚ್’, ‘ಹೂ’ ಪದಗಳ ಹಿಂದೆ ಅಡಗುತ್ತದೆ. ಸಾಲು ಮುಗಿಸಿದ ಮೇಲೆ ಏನೋ ನೆನಪಾಗಿ ‘ವಿಚ್ ಈಸ್ ವೆರಿ ಫೇಮಸ್’ ಎಂದು ಬೇರೆ ವಾಕ್ಯದಂತೆ ಬರೆಯುವುದು. ‘ಫಾರ್ ಎಕ್ಸಾಂಪಲ್’, ‘ಸಚ್ ಆ್ಯಸ್’ ಎಂದು ಶುರುಮಾಡಿ ನಾಲ್ಕು ಹೆಸರು ಹೇಳಿ ನಿಲ್ಲಿಸುವುದು. ಮಾತಿನಲ್ಲಿ ಇವೆಲ್ಲ ಸಹಜ. ಮಾತಾಡುವವನಿಗೆ ಹಿಂದಿನ ಸಾಲನ್ನು ತಿದ್ದುವ ಅವಕಾಶವಿಲ್ಲ, ಬರೆಯುವವನಿಗೆ ಇದೆ.

‘ಬಿಕಾಸ್ ಎಂದು ವಾಕ್ಯ ಶುರು ಮಾಡಲೇಬಾರದು’ ಎಂದು ಕೆಲವು ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಅಂಥ ನಿಯಮವೇನೂ ಇಂಗ್ಲಿಷಿನಲ್ಲಿಲ್ಲ. ‘ಬಿಕಾಸ್ ಇಟ್ ರೇನ್ಡ್, ವಿ ಸ್ಟೇಡ್ ಇನ್’ ಎಂಬುದು ಸಂಪೂರ್ಣ ಸರಿ. ಮಗು ತುಂಡು ಬರೆದೀತೆಂಬ ಭಯಕ್ಕೆ ಬಾಗಿಲನ್ನೇ ಮುಚ್ಚಿದ ಹಾಗೆ ಅದು. ಆ ಒಂದು ಸುಳ್ಳು ನಿಯಮದಿಂದ ಒಳ್ಳೆಯ ಮಿಶ್ರ ವಾಕ್ಯ ಬರೆಯುವ ಧೈರ್ಯವನ್ನೇ ಕಳೆದುಕೊಂಡ ಎಷ್ಟೋ ವಿದ್ಯಾರ್ಥಿಗಳಿದ್ದಾರೆ.

ಅಲ್ಪವಿರಾಮದ ಶಕ್ತಿ ಎಷ್ಟು?

ರನ್-ಆನ್‌ನಲ್ಲಿ ಎರಡು ಬಗೆ. ಎರಡು ಪೂರ್ಣ ವಾಕ್ಯಗಳ ನಡುವೆ ಯಾವ ಚಿಹ್ನೆಯೂ ಇಲ್ಲದಿರುವುದು ಒಂದು. ಬರೀ ಅಲ್ಪವಿರಾಮ ಇರುವುದು ಇನ್ನೊಂದು. ಎರಡನೆಯದಕ್ಕೆ ಕಾಮಾ ಸ್ಪ್ಲೈಸ್ ಎಂಬ ಹೆಸರಿದೆ. ಬರೆಯಲು ಬಲ್ಲವರೂ ಹೆಚ್ಚಾಗಿ ಎಡವುವುದು ಅಲ್ಲಿಯೇ.

ದುರಸ್ತಿಗೆ ನಾಲ್ಕು ದಾರಿ ಇವೆ. ಚುಕ್ಕಿ ಇಟ್ಟು ಎರಡಾಗಿಸಬಹುದು. ಅರ್ಧವಿರಾಮ, ಅಂದರೆ ಸೆಮಿಕೋಲನ್ ಇಡಬಹುದು. ಅಲ್ಪವಿರಾಮವನ್ನು ಉಳಿಸಿಕೊಂಡು ಅದರ ಪಕ್ಕ ಆ್ಯಂಡ್, ಬಟ್, ಆರ್, ನಾರ್, ಫಾರ್, ಸೋ, ಯೆಟ್ ಎಂಬ ಏಳರಲ್ಲಿ ಒಂದನ್ನು ಸೇರಿಸಬಹುದು. ಇಲ್ಲವೇ ಒಂದು ಭಾಗವನ್ನು ಅಧೀನಗೊಳಿಸಬಹುದು. ಜ್ವರದ ಸಾಲಿಗೆ ನನಗೆ ಕೊನೆಯದೇ ಇಷ್ಟ: ‘ಆ್ಯಸ್ ಮೈ ಸನ್ ಹ್ಯಾಸ್ ಫೀವರ್, ಹಿ ಕೆನಾಟ್ ಕಮ್ ಟು ಸ್ಕೂಲ್.’ ಕಾರಣ ಮತ್ತು ಪರಿಣಾಮ ಎರಡೂ ಅಲ್ಲಿ ಸ್ಪಷ್ಟ. ಚುಕ್ಕಿ ಇಟ್ಟರೂ ವ್ಯಾಕರಣ ಸರಿ, ಆದರೆ ಸಂಬಂಧವನ್ನು ಓದುವವರೇ ಊಹಿಸಿಕೊಳ್ಳಬೇಕು.

ಎಲ್ಲರನ್ನೂ ಕೆಡವುವ ಪದ ‘ಹೌಎವರ್’. ನೋಡಲು ‘ಬಟ್’ನ ಅಣ್ಣನಂತಿದೆ, ಅರ್ಥವೂ ಅದೇ. ಆದರೆ ಎರಡು ವಾಕ್ಯಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ದೇರ್‌ಫೋರ್, ಮೋರ್‌ಓವರ್, ದೆನ್ ಇವುಗಳಿಗೂ ಇಲ್ಲ. ಇವುಗಳ ಹಿಂದೆ ಅಲ್ಪವಿರಾಮ ಇಟ್ಟರೆ ಸಾಲದು, ಚುಕ್ಕಿಯೋ ಸೆಮಿಕೋಲನ್ನೋ ಬೇಕು. ಗುರುತಿಸುವ ಉಪಾಯವೊಂದಿದೆ. ‘ಹೌಎವರ್’ಅನ್ನು ವಾಕ್ಯದೊಳಗೆ ಹಿಂದೆ ಮುಂದೆ ಸರಿಸಬಹುದು: ‘ಹಿ, ಹೌಎವರ್, ಕೇಮ್.’ ‘ಬಟ್’ ಹಾಗೆ ಸರಿಯುವುದಿಲ್ಲ, ಎರಡು ವಾಕ್ಯಗಳ ಕೀಲಿನಲ್ಲೇ ನಿಲ್ಲುತ್ತದೆ.

ಈ ಕಟ್ಟುನಿಟ್ಟು ದೇವರು ಕೊಟ್ಟದ್ದಲ್ಲ. ವಿರಾಮ ಚಿಹ್ನೆಗಳು ಹುಟ್ಟಿದ್ದು ಗಟ್ಟಿಯಾಗಿ ಓದುವವರ ಉಸಿರಿಗಾಗಿ. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಬೈಜಾಂಟಿಯಮ್‌ನ ಅರಿಸ್ಟೋಫೇನಿಸ್ ಕ್ರಿಸ್ತಪೂರ್ವ 200ರ ಸುಮಾರಿಗೆ ಮೂರು ಎತ್ತರದ ಚುಕ್ಕಿಗಳನ್ನು ಬಳಸಿ ಸಣ್ಣ, ಮಧ್ಯಮ, ದೊಡ್ಡ ನಿಲುಗಡೆ ಗುರುತಿಸಿದ. ಸೆಮಿಕೋಲನ್ ಬಂದದ್ದು 1490ರ ದಶಕದಲ್ಲಿ, ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್‌ನ ಅಚ್ಚುಕೂಟದಿಂದ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಲೇಖಕರು ಅಲ್ಪವಿರಾಮದಿಂದಲೇ ವಾಕ್ಯಗಳನ್ನು ಧಾರಾಳವಾಗಿ ಜೋಡಿಸುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಇಂದಿಗೂ ಅದು ತಪ್ಪಲ್ಲ. ಇಂಗ್ಲಿಷಿನಲ್ಲಿ ನಿಯಮ ಬಿಗಿಯಾದದ್ದು ಆಮೇಲೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ ತಮ್ಮ ವಿದ್ಯಾರ್ಥಿಗಳಿಗಾಗಿ 1918ರಲ್ಲಿ ಅಚ್ಚು ಹಾಕಿಸಿದ ಪುಟ್ಟ ಕೈಪಿಡಿ, 1959ರಲ್ಲಿ ಇ.ಬಿ. ವೈಟ್ ಪರಿಷ್ಕರಿಸಿದ ಮೇಲೆ, ಈ ನಿಯಮವನ್ನು ಮನೆಮನೆಗೆ ಮುಟ್ಟಿಸಿತು.

ನಮ್ಮ ತಾಳೆಗರಿಗಳಲ್ಲಿ ಪದಗಳ ನಡುವೆಯೂ ಜಾಗ ಬಿಡುತ್ತಿರಲಿಲ್ಲ. ಕ್ರಿಯಾಪದದ ಕೊನೆಯೇ ವಾಕ್ಯದ ಗಡಿ ತೋರಿಸುವ ಭಾಷೆಗೆ ಅದು ಹೇಗೋ ಸಾಗಿತು. ಬಾಲದಲ್ಲಿ ಗುರುತಿಲ್ಲದ ಇಂಗ್ಲಿಷ್ ಚಿಹ್ನೆಗಳನ್ನು ಅಷ್ಟು ಗಟ್ಟಿಯಾಗಿ ನೆಚ್ಚಿಕೊಂಡದ್ದರಲ್ಲಿ ಅಚ್ಚರಿಯೇನಿಲ್ಲ.

ಎಂಬತ್ತೈದು ಪದ, ಒಂದೇ ವಾಕ್ಯ

ಉದ್ದವಾದ ವಾಕ್ಯವೆಲ್ಲ ರನ್-ಆನ್ ಎಂಬ ತಪ್ಪು ತಿಳಿವಳಿಕೆಯೂ ಇದೆ. ಅದಕ್ಕೆ ಅತ್ಯುತ್ತಮ ಉತ್ತರ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ಭಾರತದ ಸಂವಿಧಾನದ ಪೀಠಿಕೆಯ ಇಂಗ್ಲಿಷ್ ರೂಪ ಒಂದೇ ವಾಕ್ಯ. 1976ರ ತಿದ್ದುಪಡಿಯಲ್ಲಿ ಸೇರಿದ ಪದಗಳೂ ಕೂಡಿ ಎಂಬತ್ತೈದು ಪದ. ಕೊನೆಯಲ್ಲಿ ಒಂದೇ ಪೂರ್ಣವಿರಾಮ.

ಅದನ್ನು ವಾಕ್ಯದ ಕಣ್ಣಿನಿಂದ ಒಮ್ಮೆ ಓದಿ. ಕರ್ತೃ ಮೊಟ್ಟಮೊದಲ ಪದ: ‘ವಿ’, ನಾವು. ಅದರ ಬೆನ್ನಿಗೇ ಆ ನಾವು ಯಾರು ಎಂಬ ವಿವರಣೆ. ಆಮೇಲೆ ‘ಹ್ಯಾವಿಂಗ್ ರಿಸಾಲ್ವ್ಡ್’ ಬರುತ್ತದೆ, ನಡುವೆ ‘ಸಾಲೆಮ್‌ಲಿ’ ಎಂಬ ಗಂಭೀರ ಕ್ರಿಯಾವಿಶೇಷಣ. ಇದು ನಮ್ಮ ‘ಸಂಕಲ್ಪ ಮಾಡಿ’ ಎಂಬಂಥ ತೆರೆದ ಕೊನೆ, ಕಾಲ ಹೊತ್ತ ಕ್ರಿಯಾಪದವಲ್ಲ. ಆ ಸಂಕಲ್ಪದ ಅಡಿಯಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಒಂದೊಂದಾಗಿ ಬಂದು ನಿಲ್ಲುತ್ತವೆ, ಪ್ರತಿಯೊಂದರ ಕೊನೆಗೂ ಸೆಮಿಕೋಲನ್. ರಾಷ್ಟ್ರದ ಏಕತೆ, ಅಖಂಡತೆಗೆ ಬರುವ ಹೊತ್ತಿಗೆ ಅರವತ್ತೈದು ಪದಗಳು ಆಗಿವೆ. ಅಲ್ಲಿ ಚುಕ್ಕಿ ಇಟ್ಟಿದ್ದರೆ ಅದು ಅರವತ್ತೈದು ಪದಗಳ ತುಂಡು ವಾಕ್ಯವಾಗುತ್ತಿತ್ತು. ‘ನಾವು’ ಇನ್ನೂ ಏನನ್ನೂ ಮಾಡಿಲ್ಲ.

ಸಂವಿಧಾನ ಸಭೆ, 1949ರ ನವೆಂಬರ್ 26 ದಾಟಿದ ಮೇಲೆ, ಎಪ್ಪತ್ತಾರನೆಯ ಪದವಾಗಿ ‘ಡು’ ಬರುತ್ತದೆ. ಅದರ ನಂತರ ಮೂರು ಕ್ರಿಯೆಗಳು: ಅಂಗೀಕರಿಸುತ್ತೇವೆ, ಶಾಸನವಾಗಿಸುತ್ತೇವೆ, ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ. ‘ವಿ’ ಎಂಬ ಪದ ಮೊದಲಿನಿಂದ ಹಿಡಿದಿಟ್ಟ ಆಕಾಂಕ್ಷೆ ಅಲ್ಲಿ ತೀರುತ್ತದೆ. ಇದರಲ್ಲಿ ಎಲ್ಲಿಯೂ ಎರಡು ಸ್ವತಂತ್ರ ವಾಕ್ಯಗಳು ಒಂದನ್ನೊಂದು ತುಳಿದಿಲ್ಲ. ಕರ್ತೃವನ್ನು ಮೊದಲಿಟ್ಟು ಮುಖ್ಯ ಕ್ರಿಯೆಯನ್ನು ಕೊನೆಗೆ ತಂದ ಈ ಕಟ್ಟಡ ಕನ್ನಡದ ವಾಕ್ಯಕ್ರಮಕ್ಕೆ ಬಹಳ ಹತ್ತಿರ. 2023ರಲ್ಲಿ ಕರ್ನಾಟಕ ಸರ್ಕಾರ ಶಾಲೆಗಳಲ್ಲಿ ಪೀಠಿಕೆಯ ಓದನ್ನು ಕಡ್ಡಾಯ ಮಾಡಿತು. ನಿತ್ಯ ಓದುವ ಆ ಪಠ್ಯವನ್ನೇ ವಾರಕ್ಕೊಮ್ಮೆ ವ್ಯಾಕರಣದ ಪಾಠವಾಗಿಯೂ ಬಿಡಿಸಿದರೆ ಪೌರನೀತಿ, ಇಂಗ್ಲಿಷ್ ಎರಡಕ್ಕೂ ಲಾಭ.

ಬೇಕೆಂದೇ ಮುರಿದವರು

ಚಾರ್ಲ್ಸ್ ಡಿಕನ್ಸ್ 1852ರಲ್ಲಿ ಕಂತುಗಳಾಗಿ ಬರೆಯಲು ಶುರುಮಾಡಿದ ‘ಬ್ಲೀಕ್ ಹೌಸ್’ ಕಾದಂಬರಿಯ ಮೊದಲ ವಾಕ್ಯ ಒಂದೇ ಪದ, ಬರೀ ಊರಿನ ಹೆಸರು. ಅದರ ಬೆನ್ನಿಗೇ ಮಂಜು, ಕೆಸರುಗಳ ಬಗ್ಗೆ ಮುಖ್ಯ ಕ್ರಿಯಾಪದವಿಲ್ಲದ ತುಂಡುಗಳ ಸಾಲು. ಕಾಲವೇ ನಿಂತುಹೋದ ನಗರವನ್ನು ಕಾಲ ಹೊತ್ತ ಕ್ರಿಯಾಪದ ತೆಗೆದುಹಾಕಿಯೇ ತೋರಿಸಿದ್ದಾರೆ. 1922ರಲ್ಲಿ ಪ್ರಕಟವಾದ ಜೇಮ್ಸ್ ಜಾಯ್ಸ್ ಅವರ ‘ಯುಲಿಸಿಸ್’ ಕಾದಂಬರಿಯ ಕೊನೆಯ ಅಧ್ಯಾಯ ಹತ್ತಾರು ಪುಟಗಳ ಉದ್ದಕ್ಕೂ ವಿರಾಮ ಚಿಹ್ನೆಗಳೇ ಇಲ್ಲವೆಂಬಂತೆ ಹರಿಯುತ್ತದೆ. ನಿದ್ದೆಗೆ ಜಾರುತ್ತಿರುವ ಹೆಂಗಸೊಬ್ಬಳ ಮನಸ್ಸಿನಲ್ಲಿ ಚುಕ್ಕಿಗಳಿರುವುದಿಲ್ಲ.

ಪತ್ರಿಕೆಯ ತಲೆಬರಹ, ಜಾಹೀರಾತು, ನಾಟಕದ ಮಾತು ಇವೆಲ್ಲ ತುಂಡು ವಾಕ್ಯಗಳಿಂದಲೇ ಬದುಕುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಚುಕ್ಕಿಯ ಕೆಲಸವನ್ನು ಸೆಂಡ್ ಬಟನ್ನೇ ಮಾಡುತ್ತದೆ. ಇವಾವುದನ್ನೂ ತಪ್ಪೆನ್ನಲು ಬರುವುದಿಲ್ಲ. ಆದರೆ ಸಾಹಿತಿ ಮುರಿದದ್ದು ಕಂಡು ವಿದ್ಯಾರ್ಥಿಗೂ ಆ ಸ್ವಾತಂತ್ರ್ಯ ಇರಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಡಿಕನ್ಸ್ ಬರೆದ ತುಂಡು ತುಂಡೆಂದು ಡಿಕನ್ಸ್‌ಗೆ ಗೊತ್ತಿತ್ತು. ಉದ್ಯೋಗದ ಅರ್ಜಿ ಬರೆಯುವ ಹುಡುಗನಿಗೆ ಗೊತ್ತಿರುವುದಿಲ್ಲ, ಆ ಅರ್ಜಿಯನ್ನು ಓದುವವರಿಗೆ ಗೊತ್ತಿರುತ್ತದೆ. ವಿದೇಶಕ್ಕೆ ಹೋಗುವ ನಮ್ಮ ಮಕ್ಕಳು ಬರೆಯುವ ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ ಅಂಕ ನೀಡುವ ನಾಲ್ಕು ಮಾನದಂಡಗಳಲ್ಲಿ ವ್ಯಾಕರಣವೂ ಒಂದು. ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ ವಾಕ್ಯದ ಗಡಿ ಗುರುತಿಸುವ ಪ್ರಶ್ನೆಗಳದ್ದೇ ಒಂದು ವರ್ಗವಿದೆ.

ಬರೆದ ಮೇಲೆ ತಿದ್ದುವುದು

ಕಣ್ಣಿಗೆ ಅನುಮಾನ ಬಂದ ಸಾಲಿನ ಮುಂದೆ ‘ಈಸ್ ಇಟ್ ಟ್ರೂ ದಟ್’ ಎಂದು ಸೇರಿಸಿ ಓದಿ ನೋಡಬಹುದು. ‘ಈಸ್ ಇಟ್ ಟ್ರೂ ದಟ್ ಬರ್ಡ್ಸ್ ಫ್ಲೈ?’ ಸರಿಯಾದ ಪ್ರಶ್ನೆ, ಆದ್ದರಿಂದ ಪೂರ್ಣ ವಾಕ್ಯ. ‘ಈಸ್ ಇಟ್ ಟ್ರೂ ದಟ್ ಬಿಕಾಸ್ ಮೈ ಸನ್ ಹ್ಯಾಸ್ ಫೀವರ್?’ ನಾಲಿಗೆ ಅಲ್ಲೇ ತಡವರಿಸುತ್ತದೆ, ಆದ್ದರಿಂದ ತುಂಡು. ಆಜ್ಞೆಗಳಿಗೆ, ಪ್ರಶ್ನೆಗಳಿಗೆ ಈ ಪರೀಕ್ಷೆ ಒಗ್ಗುವುದಿಲ್ಲ, ಮಿಕ್ಕ ಕಡೆ ಕೈಕೊಡುವುದು ಕಡಿಮೆ.

ರನ್-ಆನ್ ಹಿಡಿಯಲು ಸಾಲನ್ನು ಹೌದು-ಅಲ್ಲ ಉತ್ತರ ಬರುವ ಪ್ರಶ್ನೆಯಾಗಿ ತಿರುಗಿಸಬೇಕು. ‘ದಿ ಬಸ್ ವಾಸ್ ಲೇಟ್, ವಿ ಮಿಸ್ಡ್ ದಿ ಟ್ರೈನ್’ ಎಂಬುದನ್ನು ತಿರುಗಿಸಲು ಹೊರಟರೆ ಎರಡು ಪ್ರಶ್ನೆ ಬೇಕಾಗುತ್ತದೆ: ಬಸ್ಸು ತಡವಾಯಿತೇ, ನಮಗೆ ರೈಲು ತಪ್ಪಿತೇ. ಪ್ರಶ್ನೆ ಎರಡಾದರೆ ವಾಕ್ಯವೂ ಎರಡು.

ಕಂಪ್ಯೂಟರಿನ ವ್ಯಾಕರಣ ತಪಾಸಣೆ ನೆರವಾಗುತ್ತದೆ, ಆದರೆ ಪರೀಕ್ಷಾ ಕೊಠಡಿಗೆ ಅದು ಬರುವುದಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಪ್ರಬಂಧವನ್ನು ಕೆಳಗಿನಿಂದ ಮೇಲಕ್ಕೆ, ಕೊನೆಯ ವಾಕ್ಯದಿಂದ ಮೊದಲ ವಾಕ್ಯದವರೆಗೆ ಒಂದೊಂದಾಗಿ ಓದುವ ಪದ್ಧತಿ. ಮೇಲಿನಿಂದ ಓದುವಾಗ ಹಿಂದಿನ ವಾಕ್ಯ ತುಂಡಿಗೆ ಆಸರೆ ಕೊಡುತ್ತದೆ, ಅದು ತುಂಡೆಂದು ಗೊತ್ತೇ ಆಗುವುದಿಲ್ಲ. ‘ಅವರ್ ವಿಲೇಜ್ ಹ್ಯಾಸ್ ಎ ಬಿಗ್ ಟ್ಯಾಂಕ್. ವಿಚ್ ವಾಸ್ ಬಿಲ್ಟ್ ಬೈ ಎ ಪಾಳೇಗಾರ.’ ಕೆಳಗಿನಿಂದ ಬಂದವರಿಗೆ ಮೊದಲು ಸಿಗುವುದು ‘ವಿಚ್’. ಕಟ್ಟಿಸಿದ್ದು ಯಾವುದನ್ನು ಎಂಬ ಪ್ರಶ್ನೆ ತಕ್ಷಣ ಏಳುತ್ತದೆ, ಉತ್ತರ ಮೇಲಿನ ಸಾಲಿನಲ್ಲಿ ಕೆರೆಯ ರೂಪದಲ್ಲಿದೆ. ನಡುವಿನ ಚುಕ್ಕಿಯನ್ನು ಅಲ್ಪವಿರಾಮ ಮಾಡಿ ‘ವಿಚ್’ನ ದೊಡ್ಡಕ್ಷರವನ್ನು ಚಿಕ್ಕದು ಮಾಡಿದರೆ ಎರಡು ಸಾಲು ಕೂಡಿ ಒಂದು ವಾಕ್ಯವಾಗುತ್ತದೆ.